ಗೂಳಿಯ ಕೆಂಪು ದೀಪ

ಮನೆಯ ಹಿಂದಿನ ಕೋಣೆ,
ಭಾನುವಾರ, ಜೂನ್ ೯

ಪ್ರೀತಿಯ ಅಣ್ಣಾ,

ಮೊದಲಿಗೇ ಸಾರಿ. ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಹಡಗಿನಲ್ಲಿರುವವನಿಗೆ ಮನೆಯ ರಗಳೆ ಮುಟ್ಟಿಸಬಾರದು ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ನನ್ನ ಕನ್ನಡವೂ ನಿನಗೆ ಗೊತ್ತು, ಹಾಸ್ಟೆಲ್ಲಿನಲ್ಲಿ ಬೆಳೆದದ್ದು, ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಜಾರಿಬಿಡುತ್ತದೆ; ತಪ್ಪಿದ್ದರೆ ನಕ್ಕು ಮುಂದೆ ಓದು. ನಿನ್ನ ಬೆನ್ನುನೋವು ಹೇಗಿದೆ? ಎಂಜಿನ್ ರೂಮಿನ ಸೆಖೆಗೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ಫೋನು ಬಂತೆಂದರೆ ಅಪ್ಪ ಸ್ಪೀಕರ್ ಹಾಕಿಕೊಂಡು ನಡುವೆ ಕೂತು "ಇಲ್ಲಿ ಎಲ್ಲಾ ಫಸ್ಟ್ ಕ್ಲಾಸ್ ಕಣೋ" ಅನ್ನುತ್ತಾರೆ, ಅಮ್ಮ ಪಕ್ಕದಲ್ಲಿ ತಲೆಯಾಡಿಸುತ್ತಾಳೆ (ಸ್ಪೀಕರಿನ ಮುಂದೆ ತಲೆಯಾಡಿಸಿದರೆ ನಿನಗೇನು ಕೇಳಿಸೀತು?), ನನ್ನ ಸರದಿ ಬರುವಷ್ಟರಲ್ಲಿ ಸಿಗ್ನಲ್ ಸತ್ತಿರುತ್ತದೆ. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲಾ ಫಸ್ಟ್ ಕ್ಲಾಸ್ ಇಲ್ಲ. ನಿನ್ನ ಹಳೇ ಜೀಪು ಗೂಳಿಗೆ ಬ್ರೇಕ್ ಇಲ್ಲ, ಆ ಗಾಡಿಯಲ್ಲೇ ಅಪ್ಪ ಅಮ್ಮ ದಿನಾ ಬೆಟ್ಟ ಹತ್ತಿ ಇಳಿಯುತ್ತಿದ್ದಾರೆ.

ಪರೀಕ್ಷೆ ಮುಗಿಸಿ ರಜೆಗೆ ಬಂದ ದಿನ ಅಪ್ಪ ಗೂಳಿಯಲ್ಲೇ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. (ಪರೀಕ್ಷೆ ಹೇಗಾಯಿತು ಎಂದು ಕೇಳಬೇಡ, ಪ್ಲೀಸ್. ಅದಕ್ಕೆ ಬೇರೆಯದೇ ಕಾಗದ ಬೇಕು.) ಗುಜರಿಯಿಂದ ಎಳೆದು ತಂದು, ನಾಲ್ಕು ಚಕ್ರಕ್ಕೂ ಜೀವ ಕೊಟ್ಟು, ಗೋಡೆಯನ್ನೂ ಹತ್ತುತ್ತೆ ಎಂದು ನೀನು ಮೆರೆಸಿದ ಗಾಡಿ ಅದು. ಈಗ ಅದರೊಳಗೆ ಕೂತರೆ ಸುಟ್ಟ ರಬ್ಬರಿನ ವಾಸನೆ, ಕಾಲಡಿ ಒದ್ದೆ ಗೋಣಿಚೀಲ, ಸೀಟಿನ ಹರಕಿನಿಂದ ಹಳದಿ ಸ್ಪಂಜು. ಬೆಟ್ಟದ ತುದಿಯ ಟವರಿನ ಕೆಲಸದವರಿಗೆ ನೀರಿನ ಕ್ಯಾನು ಸಾಗಿಸಿ ಸಾಗಿಸಿ ಅದು ಗೂಳಿಯಾಗಿ ಉಳಿದಿಲ್ಲ, ಮುದಿ ಎಮ್ಮೆಯಾಗಿದೆ. ಸ್ಪೀಡೋಮೀಟರಿನ ಪಕ್ಕ ಬೂದುಬಣ್ಣದ ಒಂದು ಉಂಡೆ ಅಂಟಿತ್ತು. ಏನೋ ಬಟನ್ ಇರಬೇಕು ಅಂದುಕೊಂಡು ಮುಟ್ಟಿದೆ. ಬಿಸಿಲಿಗೆ ಮೆತ್ತಗಾಗಿ ಬೆರಳಿಗೆ ನೂಲಿನಂತೆ ಎಳೆದುಕೊಂಡು ಬಂತು. ಅಗಿದ ಚೂಯಿಂಗ್ ಗಮ್, ಅಣ್ಣಾ! ಅಪ್ಪನ ಬಾಯಿಂದ ಬಂದದ್ದು. ಧೂಳು ಮೆತ್ತಿಕೊಂಡು, ಒಂದು ನರೆಗೂದಲು ಸಿಕ್ಕಿಸಿಕೊಂಡು ಕೂತಿತ್ತು. ಆ ಕೈಯನ್ನು ಎಷ್ಟು ಸಲ ತೊಳೆದೆನೋ, ಬರೆಯುವಾಗ ಈಗಲೂ ಅಂಟಂಟು ಅನ್ನಿಸುತ್ತದೆ.

ಆ ಗಮ್ಮಿನ ಅಡಿಯಲ್ಲಿ ಇರುವುದು ಬ್ರೇಕಿನ ಕೆಂಪು ದೀಪ. ಅದು ಬಿಟ್ಟೂ ಬಿಡದೆ ಉರಿಯುತ್ತಿತ್ತಂತೆ, ಅಪ್ಪನ ಕಣ್ಣಿಗೆ ಚುಚ್ಚುತ್ತಿತ್ತಂತೆ, ಮುಚ್ಚಿಬಿಟ್ಟರಂತೆ. ನಾನು ಗಮ್ ಕಿತ್ತು ನೋಡಿದರೆ ಅಡಿಯಲ್ಲಿ ದೀಪ ಉರಿಯುತ್ತಿರಲಿಲ್ಲ. ಸದ್ಯ, ರಿಪೇರಿ ಮಾಡಿಸಿದ್ದಾರೆ ಎಂದು ಉಸಿರುಬಿಟ್ಟೆ. ಆದರೆ ನನ್ನ ತಲೆ ನಿನಗೆ ಗೊತ್ತಲ್ಲ, ನೆಮ್ಮದಿ ಕೊಟ್ಟರೂ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತದೆ. ಕಾಲೇಜಿನ ಹತ್ತಿರ ಡ್ರೈವಿಂಗ್ ಕಲಿಯಲು ಸೇರಿದ್ದೇನೆ. ಅಲ್ಲಿನ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟದ್ದು, ಕೀ ತಿರುಗಿಸಿದ ಕೂಡಲೇ ಎಲ್ಲ ದೀಪವೂ ಒಮ್ಮೆ ಹತ್ತಿ ಆಮೇಲೆ ಆರಬೇಕು, ಹತ್ತದೇ ಇರುವ ದೀಪಕ್ಕೆ ಮೊದಲು ಹೆದರಬೇಕು ಎಂದು. ಮರುದಿನ ಬೆಳಿಗ್ಗೆ ಕೀ ತಿರುಗಿಸಿ ನೋಡಿದೆ. ಆಯಿಲ್ಲಿನದು ಹತ್ತಿತು, ಬ್ಯಾಟರಿಯದು ಹತ್ತಿತು. ಬ್ರೇಕಿನದು ಹತ್ತಲೇ ಇಲ್ಲ.

ಸೀದಾ ನೀನು ಪಾನಾ ಮಾಮ ಅನ್ನುತ್ತಿದ್ದ ಆ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದೆ. ಪ್ಲಗ್ ಉಜ್ಜುವ ತಂತಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದ. ಕೇಳಿದ್ದಕ್ಕೆ ತಂತಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದ: "ಗಮ್ ಹಚ್ಚಿದ್ರೂ ಸಂದಿಯಿಂದ ಕಾಣ್ಸುತ್ತೆ, ದೀಪ ಆರ್ಸು ಅಂದ್ರು ನಿಮ್ಮಪ್ಪ, ಆರ್ಸಿದೀನಿ. ಬ್ರೇಕ್ ಮಾಡು ಅಂತ ಯಾರಂದ್ರು?" ಅಂದರೆ ಬಲ್ಬ್ ಕಿತ್ತಿದ್ದಾನೆ. ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿ ಜ್ವರ ಬಿಟ್ಟಿತು ಅಂದ ಹಾಗೆ. ಕಿತ್ತ ಬಲ್ಬು ಎಲ್ಲಿ ಎಂದರೆ ತನ್ನ ಬೈಕಿನ ಮೀಟರ್ ತೋರಿಸಿ ಹಲ್ಲುಕಿರಿದ. ಚೆನ್ನಾಗಿ ಉರಿಯುತ್ತದಂತೆ, ಒಳ್ಳೆ ಕಂಪನಿ ಬಲ್ಬಂತೆ. ಥೂ ಅನ್ನಿಸಿ ಅಲ್ಲಿಂದ ಎದ್ದು ಬಂದೆ.

ಹಿಂದಿನ ಎಡ ಚಕ್ರದ ಒಳಮೈ ಸದಾ ಒದ್ದೆ. ಬ್ರೇಕ್ ಆಯಿಲ್ ಸೋರುತ್ತದೆ. ಅಪ್ಪ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಬಾನೆಟ್ ಎತ್ತಿ ಬಾಟಲಿಯಿಂದ ಆಯಿಲ್ ಸುರಿಯುವುದು, ತಬ್ಬಲಿ ಕರುವಿಗೆ ಹಾಲು ಕುಡಿಸಿದ ಹಾಗೆ. ಆಮೇಲೆ ಪೆಡಲನ್ನು ಪಚಕ್ ಪಚಕ್ ತುಳಿಯುವುದು. ಮೂರು ಸಲ ತುಳಿದರೆ ನಾಲ್ಕನೆಯದಕ್ಕೆ ಹಿಡಿಯುತ್ತದಂತೆ. ಹ್ಯಾಂಡ್‌ಬ್ರೇಕ್ ಸತ್ತು ಯಾವ ಕಾಲವೋ, ಅದರ ಹಿಡಿಗೆ ಅಪ್ಪ ಟವೆಲ್ ನೇತುಹಾಕುತ್ತಾರೆ. ಹಾಗಾದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದು ಹೇಗೆ? ಅಮ್ಮನಿಂದ. ಅಮ್ಮನ ಕಾಲ ಬಳಿ ಒಂದು ಕಲ್ಲು ಇದೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅವಳು ಕಲ್ಲು ಎತ್ತಿಕೊಂಡು ಇಳಿದು, ಹಿಂದೆ ಓಡಿ, ಚಕ್ರಕ್ಕೆ ಒಡ್ಡಬೇಕು. ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವ ಅಮ್ಮ! ನೋಡಿದವರಿಗೆ ಇದೊಂದು ತಮಾಷೆ. ಟವರಿನ ವಾಚ್‌ಮನ್ ಅವಳನ್ನು ಕರೆಯುವುದೇ "ಕಲ್ಲಕ್ಕ" ಎಂದು. ಅಮ್ಮನೂ ನಗುತ್ತಾಳೆ. ಆ ನಗು ಕಂಡರೆ ನನಗೆ ಗಮ್ಮಿಗಿಂತ ಹೆಚ್ಚು ಹೇಸಿಗೆಯಾಗುತ್ತದೆ. ಇಂಥದ್ದಕ್ಕೂ ಒಗ್ಗಿಹೋಗುತ್ತಾರಲ್ಲ!

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ, ನಂಬು. ಅಪ್ಪನಿಗೆ ಹೇಳಿದರೆ, "ಒಂದು ವರ್ಷ ಕಾಲೇಜು ಮೆಟ್ಟಿದ್ದಕ್ಕೆ ಗಾಡಿ ಡಾಕ್ಟ್ರಾಗ್ಬಿಟ್ಳು" ಎಂದು ಅಂಗಡಿಯವನ ಮುಂದೆಯೇ ನಕ್ಕರು. ಅಮ್ಮನಿಗೆ ಹೇಳಿದರೆ ಅಪ್ಪ ಹುಷಾರಾಗಿ ಓಡಿಸುತ್ತಾರೆ, ನೀನು ತಲೆ ಕೆಡಿಸಿಕೊಳ್ಳಬೇಡ, ಉಂಡು ಮಲಗು ಅನ್ನುತ್ತಾಳೆ. ನಿನ್ನೆ ನಾನೂ ಜೊತೆಗೆ ಹೋದೆ, ಹಿಂದೆ ಕ್ಯಾನುಗಳ ನಡುವೆ ಕೂತಿದ್ದೆ. ಟವರಿನ ಗೇಟಿನ ಕೆಳಗೆ ಆ ಕಡಿದಾದ ತಿರುವು ಇದೆಯಲ್ಲ, ಅಲ್ಲಿ ನಿಲ್ಲಿಸಬೇಕಾಯಿತು. ಅಪ್ಪ ತುಳಿದರು, ತುಳಿದರು. ಅಮ್ಮ ಇಳಿದು ಓಡಿ ಬಗ್ಗಿದಳು. ಅಷ್ಟರಲ್ಲಿ ಗಾಡಿ ಹಿಂದಕ್ಕೆ ಒಂದು ಗೇಣು ಜಾರಿತು. ಅಮ್ಮ ಕಿರುಚಲಿಲ್ಲ. ನೆರೆಮನೆಯವರಿಗೆ ಬಕೆಟ್ ಸರಿಸಿ ಅಂದ ಹಾಗೆ, "ಸ್ವಲ್ಪ ಮುಂದೆ ತಗೊಳ್ಳಿ" ಅಂದಳು. ಬಲಗೈಯ ಎರಡು ಬೆರಳು ಕಲ್ಲಿಗೂ ಟೈರಿಗೂ ನಡುವೆ ಇದ್ದವು.

ಕ್ಲಿನಿಕ್ಕಿನಲ್ಲಿ ನರ್ಸಿಗೆ ಬಾಗಿಲು ಬಡಿಯಿತು ಎಂದು ಹೇಳಿದಳು. ಒಂದು ಬೆರಳಿನ ಮೂಳೆ ಬಿರುಕುಬಿಟ್ಟಿದೆ, ಇನ್ನೊಂದರ ಉಗುರು ಇಲ್ಲ. ಮನೆಗೆ ಬಂದವಳು ಎಡಗೈಯಲ್ಲಿ ನಲ್ಲಿ ತಿರುಗಿಸಿ ಏನು ತೊಳೆದಳು ಗೊತ್ತಾ? ಆ ಕಲ್ಲನ್ನು. ತೊಳೆದು, ಒರೆಸಿ, ಮತ್ತೆ ಗಾಡಿಯಲ್ಲಿ ಇಟ್ಟಳು.

ನಿನ್ನೆ ಸಂಜೆಯೇ ನಾನು ಅಪ್ಪನ ಮೇಲೆ ಕೂಗಾಡಿದೆ. ಜನ್ಮದಲ್ಲಿ ಮೊದಲ ಸಲ. ಅರ್ಧ ಇಂಗ್ಲಿಷಿನಲ್ಲೇ ಕೂಗಿದೆ. ಅಪ್ಪ ತಿರುಗಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಗೂಳಿಯ ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು ಮೆಲ್ಲಗೆ ಹೇಳಿದರು: "ನಾನು ಬರೋವರ್ಗೂ ಯಾರೂ ಬಿಚ್ಬೇಡಿ ಅಂತ ಹೇಳಿ ಹೋಗಿದಾನೆ. ಅವನ ಗಾಡಿ. ಅವನೇ ಬಂದು ಬಿಚ್ಲಿ."

ನಿನಗೆ ನೆನಪೂ ಇರಲಿಕ್ಕಿಲ್ಲ. ಟ್ಯಾಕ್ಸಿಗೆ ಬ್ಯಾಗು ತುರುಕುತ್ತ, ಪಾನಾ ಮಾಮನ ಕೈಚಳಕಕ್ಕೆ ಹೆದರಿ ಅಂದ ಮಾತು ಅದು. ಅಪ್ಪ ಅದನ್ನು ಆಣೆಯಂತೆ ಹಿಡಿದುಕೊಂಡಿದ್ದಾರೆ. ಬೇರೆ ಯಾರಾದರೂ ಆ ಚಕ್ರ ಬಿಚ್ಚಿದರೆ ನೀನು ಬರುವುದೇ ಇಲ್ಲವೇನೋ ಎಂಬ ಹಾಗೆ. ಪ್ರತಿ ಸಲವೂ ಮುಂದಿನ ಟ್ರಿಪ್ ಮುಗಿಸಿ ಬರುತ್ತೇನೆ ಅನ್ನುತ್ತೀಯಲ್ಲ, ಅದನ್ನೂ ಅವರು ನಂಬುತ್ತಾರೆ. ಗಮ್ಮು, ಬಲ್ಬು, ಕಲ್ಲು ಎಲ್ಲದರ ಮೇಲೂ ಅಸಹ್ಯಪಟ್ಟಾಯಿತು, ಈಗ ಆ ಅಸಹ್ಯ ನಿನ್ನ ಮೇಲೂ ಸ್ವಲ್ಪ ಬರುತ್ತಿದೆ. ಮತ್ತೆ ಸಾರಿ. ಆದರೆ ಈ ಸಾಲನ್ನು ಹೊಡೆದು ಹಾಕುವುದಿಲ್ಲ, ಇರಲಿ.

ನೀನು ಒಂದೇ ಮಾತು ಹೇಳಬೇಕು: "ಬಿಚ್ಚಿಸಿ." ಸ್ಪೀಕರಿನಲ್ಲಾದರೂ ಸರಿ. ಪಾನಾ ಮಾಮನ ಹತ್ತಿರ ಬೇಡ, ಬೇರೆ ಕಡೆ ಎಂದೂ ಸೇರಿಸು. ನಾನು ಹೇಳಿದರೆ ಗಾಳಿಗೆ, ನೀನು ಹೇಳಿದರೆ ಗಾಡಿಗೆ.

ನಿನ್ನ ಹಡಗಿನ ಗೆಳೆಯರಿಗೆಲ್ಲ ನಮಸ್ಕಾರ ತಿಳಿಸು. ಅಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಕಳಿಸುತ್ತಿದ್ದೇನೆ. ಕೇಳಿದರೆ ಕೊಡುತ್ತಾಳೆ, ಆದರೆ ಕಾಗದ ಕಸಿದುಕೊಳ್ಳುತ್ತಾಳೆ.

ಇಂತು,
ನಿನ್ನ ಅಳುಮುಂಜಿ ತಂಗಿ

ಮರೆತೆ: ಈಗ ಊಟಕ್ಕೆ ಕೂತಾಗ ಅಪ್ಪ, ನಾಳೆ ಬೆಟ್ಟಕ್ಕೆ ಯಾರು ಬರುತ್ತೀರಿ ಎಂದು ತಟ್ಟೆ ನೋಡಿಕೊಂಡೇ ಕೇಳಿದರು. ಅಮ್ಮ ಕಟ್ಟು ಹಾಕಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈ ಇದೆಯಲ್ಲ ಅಂದಳು. ನಾನು ಬರುತ್ತೇನೆ ಅಂದುಬಿಟ್ಟೆ. ಕಲ್ಲನ್ನು ಅಂಗಳದಲ್ಲಿ ಎತ್ತಿ ನೋಡಿದೆ, ಅಂದುಕೊಂಡದ್ದಕ್ಕಿಂತ ಭಾರ ಇದೆ. ನಾಳೆಯಿಂದ ಅಮ್ಮನ ಸೀಟಿನಲ್ಲಿ ನಾನು ಕೂರುತ್ತೇನೆ, ನಿನ್ನ ಮಾತು ಬರುವವರೆಗೆ. ಬೇಗ ಉತ್ತರ ಕೊಡು.