ಭಾವನ ಮೇಲೆ ನಾನಿಟ್ಟ ರೇಟು

ರಫೀಕ್ ಭಾವಾ, ಸಲಾಂ.

ನಾನು ಮೊದಲ ಸಲ ಸೌದಿಯ ದಮ್ಮಾಮ್‌ಗೆ ಬಂದಿಳಿದಾಗ ರೂಮಿಗೆ ಹೋಗುವ ಬದಲು ನೀವು ನೇರ ಮೈದಾನಕ್ಕೇ ಕರೆದೊಯ್ದಿರಿ, ನೆನಪಿದೆಯಾ? ಶುಕ್ರವಾರದ ಬೆಳಿಗ್ಗೆ. ಹೆಸರಿಗೂ ಹುಲ್ಲಿಲ್ಲದ ಜಲ್ಲಿ ನೆಲ, ಟೆನಿಸ್ ಚೆಂಡಿನ ಕ್ರಿಕೆಟ್, ಅರಚಾಡುವ ನಮ್ಮೂರಿನವರು. "ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಕಾರ್ಡ್ ಬರ್ಲಿಕ್ಕೆ ಇನ್ನೂ ದಿನ ಉಂಟು. ಫೀಲ್ಡಿಂಗಿಗೆ ಅದೆಲ್ಲ ಬೇಡ ಮಾರಾಯ, ಹೋಗಿ ನಿಲ್ಲು" ಎಂದಿರಿ. ಅಕ್ಕನ ಗಂಡ ಎಂದು ಹೆದರುತ್ತಾ ಬಂದವನಿಗೆ ಅಂದೇ ಹೆದರಿಕೆ ಬಿಟ್ಟುಹೋಯಿತು.

ಪಂಥದ ಹುಚ್ಚು ಹಿಡಿಸಿದ್ದು ಮಾತ್ರ ನೀವಲ್ಲ, ಅದು ನನ್ನದೇ ಅಧಿಕಪ್ರಸಂಗ. ಕಂಪೆನಿಯಲ್ಲಿ ದಿನವಿಡೀ ಎಸ್ಟಿಮೇಟ್ ಮಾಡುವವನಲ್ಲವೇ? ಒಂದು ಗುರುವಾರ ಎಲ್ಲ ಆಟಗಾರರಿಗೂ ಅಂಕ ಕೊಟ್ಟು ಪಟ್ಟಿ ಮಾಡಿದೆ. ಯಾರದು ಎಷ್ಟು ರನ್, ಎಷ್ಟು ಚೆಂಡಿಗೆ, ಯಾರ ಎದುರು. ಅದರ ಮೇಲೆ ಪ್ರತಿ ವಾರ, ಗೆದ್ದವರಿಗೆ ಒಂದಕ್ಕೆ ಇಷ್ಟು ಎಂದು ನನ್ನದೇ ರೇಟು. ಪಂಥ ದುಡ್ಡಿಗಲ್ಲ, ಜುಮಾ ನಮಾಜು ಮುಗಿಸಿ ತಿನ್ನುವ ಮಾಂಸದನ್ನದ ಕಬ್ಸಾ ಪ್ಲೇಟಿಗೆ. "ಪ್ಲೇಟಿಗಾದ್ರೂ ಪಂಥ ಪಂಥವೇ, ಹರಾಮೇ" ಎಂದು ಬೈದಿರಿ. ಬೈಯುತ್ತಲೇ, ನಾನು ಲೆಕ್ಕ ಹಾಕುವುದನ್ನು ಹೆಮ್ಮೆಯಿಂದ ಬಗ್ಗಿ ನೋಡುತ್ತಲೂ ಇದ್ದಿರಿ. ಏಳೆಂಟು ವಾರ ನನ್ನ ರೇಟು ತಪ್ಪಲೇ ಇಲ್ಲ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಟೂರ್ನಮೆಂಟಿನ ಸೆಮಿಫೈನಲ್‌ನ ಹಿಂದಿನ ದಿನ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ ನೋಡಿ, ಆ ರೇಟು... "ರಫೀಕ್ ಭಾವ ಹತ್ತು ರನ್ ದಾಟುತ್ತಾರೆ ಅನ್ನುವವರಿಗೆ ಒಂದು ಪ್ಲೇಟಿಗೆ ಎಂಟು ಪ್ಲೇಟ್!" ಕೆಳಗೆ ಸಾಲುಸಾಲು ನಗುವ ಮುಖಗಳು. ನಮ್ಮ ಟೀಮಿನ ಸಿಕ್ಸರ್ ವೀರ ನಾಸಿರ್, "ಎಂಟು ಪ್ಲೇಟ್ ಅಲ್ಲ, ಇಡೀ ಒಂಟೆ ಕೊಟ್ರೂ ನಂಗೆ ಬೇಡ" ಎಂದು ಬರೆದ. ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ! ಮರುದಿನ ನೀವು ಬ್ಯಾಟ್ ತರದೆ ಬಂದು ಸ್ಕೋರ್ ಪುಸ್ತಕ ಹಿಡಿದು ಕುಳಿತಿರಿ. "ಮೊಣಕಾಲು ಸ್ವಲ್ಪ ಹಿಡ್ದಿದೆ. ನೀವು ಆಡಿ" ಎಂದಿರಿ. ಎಂತ ನೋವು ಎಂದು ಒಂದು ಮಾತಾದರೂ ಕೇಳಿದೆನಾ ನಾನು? ಆ ದಿನ ಸೋತೆವು. ಆಮೇಲೆ ನೀವು ಮತ್ತೆ ಆಡಲೇ ಇಲ್ಲ.

ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ನಿಮ್ಮ ಕೆಲಸದ ಸೈಟಿನಿಂದ ಫೋನ್ ಬಂತು. ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ ಎಂದರು. ಇಲ್ಲಿಯ ಮಣ್ಣಿನಲ್ಲೇ ನಿಮ್ಮನ್ನು ಮಲಗಿಸಿದೆವು. ಬರಲಾಗದೆ ಊರಲ್ಲೇ ಉಳಿದ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳುತ್ತಾ, ಮೊದಲೇ ಮೊಣಕಾಲು ನೋವು ಬೇರೆ ಇತ್ತು ಪಾಪ, ಎಂದೆ. "ಯಾವ ಮೊಣಕಾಲು? ಅವರಿಗೆ ಎಂತ ನೋವೂ ಇರ್ಲಿಲ್ಲ" ಎಂದಳು. "'ನಿನ್ನ ತಮ್ಮನ ಲೆಕ್ಕ ತಪ್ಪುದಿಲ್ಲ ಮಾರಾಯ್ತಿ, ನಾನು ಆಡಿದ್ರೆ ಟೀಮಿಗೇ ಲಾಸು' ಅಂತ ಹೇಳಿದ್ರು." ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನೀವು ನನ್ನ ಲೆಕ್ಕವನ್ನು ನಂಬಿಬಿಟ್ಟಿರಲ್ಲ ಭಾವಾ!

ಕಳೆದ ಶುಕ್ರವಾರ ಮೈದಾನಕ್ಕೆ ಹೋಗಲು ಮನಸ್ಸಾಗದೆ ಟೀಮಿನ ಹಳೆಯ ಸ್ಕೋರ್ ಪುಸ್ತಕಗಳನ್ನು ಬಿಚ್ಚಿಕೊಂಡು ಕುಳಿತೆ. ಈ ಸಲ ನಿಮ್ಮ ರನ್ ಪಕ್ಕಕ್ಕಿಟ್ಟು, ನೀವು ಆಚೆ ತುದಿಯಲ್ಲಿ ನಿಂತಾಗ ಉಳಿದವರು ಎಷ್ಟು ಹೊಡೆದಿದ್ದಾರೆ ಎಂದು ನೋಡಿದೆ. ನಾಸಿರ್ ಒಬ್ಬನದೇ, ನೀವಿಲ್ಲದಾಗ ಹೊಡೆದದ್ದರ ಹೆಚ್ಚುಕಡಿಮೆ ಇಮ್ಮಡಿ. ಪ್ರತಿ ಚೆಂಡಾದ ಮೇಲೂ ಪಿಚ್‌ನ ನಡುವಿಗೆ ಬಂದು, "ಗಡಿಬಿಡಿ ಬೇಡ, ಒಂದೊಂದೇ ತೆಗಿ, ಯಲ್ಲಾ, ನಡಿ" ಅನ್ನುತ್ತಿದ್ದಿರಲ್ಲ, ಅದಕ್ಕೆ ನನ್ನ ಪಟ್ಟಿಯಲ್ಲಿ ಅಂಕವೇ ಇರಲಿಲ್ಲ. ಅದನ್ನು ಸೇರಿಸಿದರೆ ಟೀಮಿನ ಮೊದಲ ಮೂವರಲ್ಲಿ ನೀವಿದ್ದೀರಿ. ನಿಮ್ಮನ್ನು ಬಿಟ್ಟು ಟೀಮ್ ಇಳಿಸುವುದೇ ತಪ್ಪು.

ತಪ್ಪು ನನ್ನದೆಂದು ಗ್ರೂಪಿನಲ್ಲಿ ಬರೆದು ಹಾಕಿದೆ. ಸಂಜೆ ನಾಸಿರ್ ರೂಮಿಗೆ ಬಂದು ಸ್ಕೋರ್ ಪುಸ್ತಕಗಳನ್ನು ತಿರುವಿ ನೋಡಿ ಹೋದ. ಮನುಷ್ಯರ ಮೇಲೆ ಇನ್ನು ರೇಟು ಇಡುವುದಿಲ್ಲ ಭಾವಾ, ಪ್ಲೇಟಿಗೂ ಇಲ್ಲ. ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳು, "ಇದನ್ನು ಲೆಕ್ಕ ಮಾಡ್ಲಿಕ್ಕೆ ನಿಂಗೆ ಎಷ್ಟು ಹೊತ್ತು ಬೇಕಾಯ್ತು?" ಎಂದು ಕೇಳಿದಳು.

ಅರ್ಧ ಗಂಟೆ, ಭಾವಾ.

ನಿಮ್ಮ
ಸಲೀಂ