ಕಿವಿಯೇ ಹೇಳಿಬಿಟ್ಟಿತು

ಚಾಮರಾಜಪೇಟೆ, ಬೆಂಗಳೂರು
೨೧ ಜನವರಿ ೨೦೦೨

ಪ್ರೀತಿಯ ತಮ್ಮ ಬೈರಯ್ಯನಿಗೆ ಅಕ್ಕ ಸುಬ್ಬಮ್ಮನ ಆಶೀರ್ವಾದಗಳು.

ನೀನು ಮಾಗಡಿಯಿಂದ ಕಳಿಸಿದ ಅವರೆಕಾಯಿ ಚೀಲ ಸಂಕ್ರಾಂತಿಗೆ ಮುಂಚೆಯೇ ಬಂತು. ಕಾಯಿ ಮುಗಿದರೂ ಕಾಗದ ಬರಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈಯಿ, ತಡೆದುಕೊಳ್ಳುತ್ತೇನೆ. ನನಗೆ ಕಿವಿ ಕೇಳಿಸದು ಅಂತ ಹೋದ ಸಲ ಬಂದಾಗ ಬೀದಿಗೆಲ್ಲ ಕೇಳುವಂತೆ ಕಿರುಚಿ ಮಾತಾಡಿಸಿದೆಯಲ್ಲ, ಆ ವಿಷಯ ಹೇಳಬೇಕು. ನನ್ನ ಕಿವಿಗೆ ಏನೂ ಆಗಿಲ್ಲ ಕಣೋ. ಮೊದಲಿಂದಲೂ ಆಗಿರಲಿಲ್ಲ.

ನನ್ನ ಮಗ ಸ್ಕೂಟರಿನಿಂದ ಬಿದ್ದು ತೀರಿಕೊಂಡ ಮೇಲೆ ಈ ಮನೆಯಲ್ಲಿ ಉಳಿದವರು ನಾನು, ಸೊಸೆ ಪೂಜಿತಾ ಇಬ್ಬರೇ. ಅವಳ ಆಫೀಸಿನ ಮನೋಹರ್ ಸಂಜೆ ಹೊತ್ತು ಫೋನು ಮಾಡುತ್ತಿದ್ದ. ಫೋನು ಇರುವುದು ಹಾಲ್‌ನಲ್ಲಿ, ನಾನು ಕೂರುವುದೂ ಹಾಲ್‌ನಲ್ಲಿ. ನಾನಿದ್ದರೆ "ಹೂಂ, ಸರಿ, ಇಡ್ತೀನಿ" ಅಂದು ಇಟ್ಟುಬಿಡುತ್ತಿದ್ದಳು. ಒಂದು ಸಂಜೆ ನಾನು ಹಿತ್ತಿಲಲ್ಲಿದ್ದಾಗ ಅವಳು ನಕ್ಕಿದ್ದು ಕೇಳಿಸಿತು. ಮಗ ಹೋದಮೇಲೆ ಆ ನಗು ಕೇಳಿಯೇ ಇರಲಿಲ್ಲ. ಒಳಗೆ ಬಂದೆ, ನಗು ನಿಂತುಹೋಯಿತು. ಸಣ್ಣ ಮನೆ, ನಾನು ಎಲ್ಲಿಗೆ ಅಂತ ಎದ್ದು ಹೋಗಲಿ? ಅದಕ್ಕೇ ಕಿವುಡಿಯಾದೆ. ಆಮೇಲೆ ನಾನು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರೂ ಅವಳು ಮನಸಾರೆ ಮಾತಾಡುವಳು.

ಆದರೆ ಆದದ್ದೇ ಬೇರೆ. ಮನೋಹರ್ ಮದುವೆ ಮಾತೆತ್ತಿದರೆ ಇವಳು, "ಅತ್ತೆಗೆ ಈಗ ಕಿವೀನೂ ಹೋಯ್ತು. ಬಾಗಿಲು ಬಡಿದ್ರೂ ಗೊತ್ತಾಗಲ್ಲ, ಒಬ್ಬರನ್ನೇ ಹೆಂಗೆ ಬಿಟ್ಟು ಬರ್ಲಿ?" ಅನ್ನತೊಡಗಿದಳು. ನನ್ನ ಬುದ್ಧಿವಂತಿಕೆಗೆ ಬೆಂಕಿ ಹಾಕ. ಇದ್ದಕ್ಕಿದ್ದಂತೆ ಕಿವಿ ಬಂತು ಅಂದರೆ ಯಾರು ನಂಬುತ್ತಾರೆ?

ಕಡೆಗೆ ಅವಳೇ ರಜ ಹಾಕಿ ನನ್ನನ್ನು ಬಸವನಗುಡಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿನ ಹುಡುಗಿ, ಶಬ್ದ ಕೇಳಿಸಿದರೆ ಕೈ ಎತ್ತಬೇಕು ಅಂತ ಸನ್ನೆ ಮಾಡಿ ತೋರಿಸಿದಳು. ನಾನು ಕಲ್ಲಿನಂತೆ ಕೂತೆ. ಅವಳಿಗೇನು ಅನುಮಾನ ಬಂತೋ, ವೈರು ಇದ್ದ ಮೆತ್ತನೆಯ ಸಣ್ಣ ಬಿರಡೆಯೊಂದನ್ನು ಕಿವಿಗೆ ಸಿಕ್ಕಿಸಿ ಪೂಜಿತಾಗೆ, "ಇನ್ನು ಇವರು ಕೈ ಎತ್ತೋದು ಬೇಡ ಮೇಡಂ. ಕಿವಿನೇ ಹೇಳುತ್ತೆ" ಅಂದಳು. ನಮ್ಮ ಒಳಗಿವಿಗೆ ಶಬ್ದ ಬಿದ್ದರೆ ಅದೂ ತಿರುಗಿ ದನಿ ಮಾಡುತ್ತದಂತೆ. ನಮಗೇ ಕೇಳಿಸದಷ್ಟು ಸಣ್ಣ ದನಿ, ಆ ಮಿಷನ್ನಿಗೆ ಕೇಳಿಸುತ್ತದಂತೆ. ಬಾಯಿಯಾದರೆ ಮುಚ್ಚಿಕೊಂಡಿರಬಹುದು, ಇದನ್ನು ಹೇಗೆ ಮುಚ್ಚುವುದು? ಎರಡು ಕಿವಿಯೂ ಚೆನ್ನಾಗಿ ದನಿ ಕೊಟ್ಟವು.

ಡಾಕ್ಟರು, "ಒಳಗಿವಿ ಚೆನ್ನಾಗಿದೆ. ಆದ್ರೂ ಕೇಳಿಸ್ತಿಲ್ಲ ಅಂದ್ರೆ ಅಲ್ಲಿಂದ ಮುಂದೆ, ನರದಲ್ಲಿ, ಮೆದುಳಲ್ಲಿ ಏನಾದ್ರೂ ಇದ್ಯಾ ನೋಡ್ಬೇಕು" ಅಂದರು. ಮೆದುಳು ಅಂದದ್ದೇ ತಡ, ಪೂಜಿತಾ ಮುಖ ಬಿಳಿಚಿಕೊಂಡಿತು. ಮಗನ ತಲೆಗೆ ಪೆಟ್ಟಾದಾಗಲೂ ಹೀಗೇ ಡಾಕ್ಟರ ಮುಂದೆ ನಿಂತಿದ್ದಳು. ನನಗೆ ನೋಡಲಾಗಲಿಲ್ಲ. "ಕೇಳ್ಸುತ್ತೆ ಕಣಮ್ಮ. ಎಲ್ಲಾ ಕೇಳ್ಸುತ್ತೆ" ಅಂದುಬಿಟ್ಟೆ.

ಆಟೋದಲ್ಲಿ ಅಳುತ್ತಲೇ ಬಂದಳು. ಮನೆ ಹತ್ತಿರವಾದಾಗ, "ಫೋನಲ್ಲಿ ನಾನು ಮಾತಾಡಿದ್ದೆಲ್ಲಾ ಕೇಳಿಸ್ಕೊಂಡ್ರಾ ಅತ್ತೆ?" ಅಂದಳು.

"ನೀನು ನಗೋದು ಕೇಳಿಸ್ಕೊಂಡೆ. ಮಾತಿಗೆ ಕಿವಿ ಕೊಡ್ಲಿಲ್ಲ" ಅಂದೆ. ನಂಬಿದಳೋ ಇಲ್ಲವೋ. ಅವನನ್ನು ಮದುವೆಯಾಗು ಅಂದರೆ ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಈಗ ಸಂಜೆ ಫೋನು ಹೊಡೆದರೆ ಎತ್ತುವುದಿಲ್ಲ. ಹೊಡೆದು ಹೊಡೆದು ನಿಲ್ಲುತ್ತದೆ, ನಾವಿಬ್ಬರೂ ಕೇಳುತ್ತಾ ಕೂತಿರುತ್ತೇವೆ.

ಅದಕ್ಕೇ ಬೈರಯ್ಯ, ನಾನು ನಿನ್ನ ಮನೆಗೇ ಬಂದು ಇದ್ದುಬಿಡುತ್ತೇನೆ. ನೀನೇ ಬಂದು ಕರೆದುಕೊಂಡು ಹೋಗು. ನಿನಗೆ ಮೈ ಹುಷಾರಿಲ್ಲ, ಅಕ್ಕ ಜೊತೆಗಿರಬೇಕು ಅಂತ ಅವಳಿಗೆ ಹೇಳು. ನಾನಾಗಿ ಹೊರಟರೆ ಅವಳು ಬಿಡುವುದಿಲ್ಲ. ಸುಳ್ಳು ಹೇಳುವಾಗ ನಗಬೇಡ, ನಿನಗೆ ಆ ಚಾಳಿ ಇದೆ. ನಿನ್ನನ್ನೂ ಹೆಂಡತಿ ಮಕ್ಕಳನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಸುಬ್ಬಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹೋದ ತಿಂಗಳು ಒಂದು ಸಂಜೆ ಮನೋಹರ್ ತುಂಬ ಒತ್ತಾಯ ಮಾಡಿದನೆಂದು ಕಾಣುತ್ತದೆ. ಪೂಜಿತಾ ನನ್ನನ್ನೇ ನೋಡುತ್ತಾ ಮೆತ್ತಗೆ, "ಅತ್ತೆ ಇರೋವರೆಗೂ ಕಾಯೋಣ ಮನೋಹರ್. ಇನ್ನೆಷ್ಟು ವರ್ಷ ಇರ್ತಾರೆ?" ಅಂದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಕಣಪ್ಪ. ಫೋನು ಇಟ್ಟವಳೇ ಎದ್ದು ಬಂದು ನನ್ನ ಹೆಗಲ ಮೇಲೆ ಜಾರಿದ್ದ ಶಾಲು ಸರಿಮಾಡಿದಳು. ನಾನು ಅವರೆಕಾಳು ಹಿದುಕುತ್ತಲೇ ಇದ್ದೆ. ಬೇಗ ಬಾ.