ದೊರೆಯ ಕಾಲುಚೀಲ

ಮೆರೆಡಿನ್, ಅಕ್ಟೋಬರ್ ಒಂಬತ್ತು, ಸಂಜೆ

ಪ್ರೀತಿಯ ರೀಸ್ ಅಣ್ಣಾ,

ಹೇಗಿದ್ದೀಯ? ಕರಾಥಾದ ಬಿಸಿಲಿಗೆ ನಿನ್ನ ಮೂಗು ಸಿಪ್ಪೆ ಏಳುತ್ತಿರಬೇಕು. ಗಣಿಯ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯ ತಾನೆ? ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡ. ಅಪ್ಪ ಚೆನ್ನಾಗಿದ್ದಾನೆ. ಗೋಧಿ ಕಟಾವಿನ ಯಂತ್ರ ಬಿಚ್ಚಿಟ್ಟುಕೊಂಡು ದಿನವಿಡೀ ಶೆಡ್ಡಿನಲ್ಲೇ ಇರುತ್ತಾನೆ. ಊಟಕ್ಕೆ ಕೂತಾಗ "ಉಪ್ಪು ಕೊಡೇ" ಅನ್ನುವುದೇ ಅವನ ದಿನದ ಭಾಷಣ. ಅಜ್ಜಿ ಹೋದ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ನಿನ್ನ ಕುರ್ಚಿಯ ಮೇಲೆ ನಾಯಿ ಮಲಗುತ್ತದೆ. ನಾನೂ ಎಬ್ಬಿಸುವುದಿಲ್ಲ.

ನಮ್ಮ ಹಲ್ಲಿ ದೊರೆಸಾನಿ ಬಂದಿದ್ದಾಳೆ. ನೀರಿನ ತೊಟ್ಟಿಯ ಕೆಳಗೆ, ಅದೇ ಜಾಗ. ಸೆಪ್ಟೆಂಬರಿನಲ್ಲಿ ವಸಂತ ಬಂದರೆ ನಮ್ಮ ಗೇಣುದ್ದದ ಮೋಟುಬಾಲದ ಹಲ್ಲಿಗಳು ಹಳೆಯ ಜೋಡಿಯನ್ನೇ ಹುಡುಕಿಕೊಂಡು ಬರುತ್ತವೆ ಅಂತ ನನಗೆ ತೋರಿಸಿದವನೇ ನೀನು. ದಾರಿಗೆ ಅಡ್ಡ ಒಂದು ಕಂಡರೂ ಟ್ರಕ್ಕು ನಿಲ್ಲಿಸಿ, ಅದು ಹೊರಟ ದಿಕ್ಕಿಗೇ ಎತ್ತಿ ಬಿಡುತ್ತಿದ್ದೆ. "ಹಿಂದಕ್ಕೆ ಬಿಟ್ರೆ ಮತ್ತೆ ದಾಟಕ್ಕೆ ಬರ್ತಾನೆ ಕಣೇ, ಹೆಂಡ್ತಿ ಆ ಕಡೆ ಇದಾಳೆ" ಅನ್ನುತ್ತಿದ್ದೆ. ಈ ಸಲ ಅವಳ ಜೋಡಿ, ಎಡಗಾಲಿನ ಒಂದು ಬೆರಳಿಲ್ಲದ ದೊರೆ, ಬರಲಿಲ್ಲ. ಬಾಳೆಹಣ್ಣು ಇಟ್ಟರೂ ದೊರೆಸಾನಿ ಒಮ್ಮೆ ನಾಲಿಗೆ ತಾಗಿಸಿ ಸುಮ್ಮನಾಗುತ್ತಾಳೆ.

ನಾನೀಗ ಮಾರ್ಲೀನ್ ಅವರ ಪ್ರಾಣಿ ಆರೈಕೆ ಮನೆಯಲ್ಲಿ ಪಂಜರ ತೊಳೆಯುತ್ತೇನೆ. (ಈ ವರ್ಷ ಹಿಡಿದ ಕೆಲಸಗಳಲ್ಲಿ ಇದೊಂದನ್ನು ಬಿಟ್ಟು ಓಡಬೇಕು ಅನ್ನಿಸಿಲ್ಲ.) ಹೋದ ವಾರ ವನ್ಯಜೀವಿ ಅಧಿಕಾರಿಯೊಬ್ಬರು ಪೆಟ್ಟಿಗೆ ತಂದಿಟ್ಟರು. ಪರ್ತ್‌ನ ಅಂಚೆಯಲ್ಲಿ, ವಿದೇಶಕ್ಕೆ ಹೊರಟಿದ್ದ ರೈಸ್ ಕುಕ್ಕರುಗಳ ಒಳಗೆ ಸಿಕ್ಕ ಹಲ್ಲಿಗಳು, ಅಲ್ಲಿ ಸಾಕುವವರಿಗೆ ಮಾರಲು ಕದ್ದು ಕಳಿಸಿದ್ದವು. ಕಾಲು ಮಡಿಸಿ, ಟೇಪು ಸುತ್ತಿ, ಒಂದೊಂದನ್ನೂ ಒಂದೊಂದು ಕಾಲುಚೀಲದಲ್ಲಿ ಕಟ್ಟಿದ್ದರು. ಅರ್ಧಕ್ಕರ್ಧ ಸತ್ತಿದ್ದವು. ಬದುಕಿದ್ದವುಗಳಲ್ಲಿ ಒಂದಕ್ಕೆ ಎಡಗಾಲಿನ ಒಂದು ಬೆರಳಿಲ್ಲ. ನನ್ನನ್ನು ಕಂಡು ನೀಲಿ ನಾಲಿಗೆ ಚಾಚಿತು. ದೊರೆ, ಅಣ್ಣಾ. ನಮ್ಮ ದೊರೆ.

ಅವನು ಬಂದದ್ದು ಫುಟ್‌ಬಾಲ್ ಕಾಲುಚೀಲದಲ್ಲಿ. ಕೆಂಪು ಕಪ್ಪು ಪಟ್ಟೆ, ಹಿಮ್ಮಡಿಗೆ ಹಸಿರು ಉಣ್ಣೆಯ ರಫು. ಕಪ್ಪು ಉಣ್ಣೆ ಮುಗಿದಿತ್ತು ಅಂತ ಅಜ್ಜಿ ಹಸಿರಿನಲ್ಲಿ ಹೆಣೆದದ್ದು, ಹುಡುಗರೆಲ್ಲ ನಿನ್ನನ್ನು "ಬಟಾಣಿ ಹಿಮ್ಮಡಿ" ಅಂತ ಕಾಡಿಸಿದ್ದು ನೆನಪಿದೆಯಾ?

ಅಧಿಕಾರಿ ಮಾರ್ಲೀನ್ ಅವರಿಗೆ ಹೇಳುತ್ತಿದ್ದರು: "ಹತ್ತು ವರ್ಷದ ತನಕ ಜೈಲು ಇದೆ. ಆದ್ರೆ ಒಳಗೆ ಹೋಗೋರು ಹಲ್ಲಿ ಹಿಡಿದು ಕೊಟ್ಟ ಹುಡುಗ್ರು. ಕೊಳ್ಳೋ ದೊಡ್ಡ ಮನುಷ್ಯ ಹಲ್ಲಿ ಮುಟ್ಟೋದೇ ಇಲ್ಲ, ಸೋಫಾ ಮೇಲೆ ಕೂತಿರ್ತಾನೆ. ಹಿಡಿದೋನು ತಾನಾಗೇ ಬಂದು ಅವನ ಹೆಸರು ಹೇಳಿದ್ರೆ, ಶಿಕ್ಷೆನೂ ಕಮ್ಮಿ ಆಗುತ್ತೆ. ಆ ಸೋಫಾನೂ ಸೇರಿ ಜಪ್ತಿ ಮಾಡೋ ಕಾನೂನು ನಮ್ಮ ಹತ್ರ ಇದೆ." ಎಲ್ಲಿ ಹಿಡಿದದ್ದು ಅಂತ ಗೊತ್ತಾಗದೆ ಈ ಹಲ್ಲಿಗಳನ್ನು ಕಾಡಿಗೆ ಬಿಡುವ ಹಾಗೂ ಇಲ್ಲವಂತೆ. ಉಳಿದವು ಯಾವ ಯಾವ ತೊಟ್ಟಿಯ ಕೆಳಗಿನವೋ ನಿನಗೊಬ್ಬನಿಗೇ ಗೊತ್ತು. ಅಲ್ಲೂ ಒಂದೊಂದು ದೊರೆಸಾನಿ ಕೂತಿರಬೇಕು.

ನೀರು ಕುಡಿಯುತ್ತಾ ಇರು. ಅಪ್ಪ ನಿನ್ನನ್ನು ಕೇಳಿದನೆಂದು ಬರೆದರೆ ಸುಳ್ಳಾಗುತ್ತದೆ, ಆದರೆ ನಿನ್ನ ಹಳೆಯ ಬೂಟಿಗೆ ಎಣ್ಣೆ ಹಚ್ಚಿಟ್ಟಿದ್ದಾನೆ.

ನಿನ್ನ ತಂಗಿ,
ಟೆಸ್

ಮತ್ತೆ: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. "ಈ ಕಾಲುಚೀಲ ಯಾರದ್ದು ಗೊತ್ತೇನಮ್ಮಾ?" ಅಂತ ಇವತ್ತು ಮತ್ತೆ ಬಂದಾಗ ಅಧಿಕಾರಿ ಕೇಳಿದರು. ಗೊತ್ತು ಅಂದೆ. ಹೆಸರು ಮುಂದಿನ ವಾರ ಶುಕ್ರವಾರ ಹೇಳ್ತೀನಿ, ಅಷ್ಟರಲ್ಲಿ ಅವನೇ ಬರಬಹುದು ಅಂದೆ. "ನಿನ್ನನ್ನೇ ಕೋರ್ಟಿಗೆ ಎಳೀಬಹುದು" ಅಂದರು. ಎಳೀರಿ ಅಂದೆ. ಶುಕ್ರವಾರ ಬೆಳಿಗ್ಗೆ ಬಸ್ಸು ನಿಲ್ಲುವಲ್ಲಿ ಇರುತ್ತೇನೆ. ನೀನು ಇಳಿದರೆ ಇಬ್ಬರೂ ಹೋಗೋಣ. ಇಳಿಯದಿದ್ದರೆ ಒಬ್ಬಳೇ ಹೋಗಿ ಹೇಳುತ್ತೇನೆ.